ಮನೆಯಲ್ಲಿ ವಾಂತಿ ಭೇದಿ: ಓಆರ್‌ಎಸ್ ಕಲಸುವುದರಿಂದ ಬಟ್ಟೆ ಒಗೆಯುವವರೆಗೆ, ಯಾವುದರ ನಂತರ ಯಾವುದು

"ಓಆರ್‌ಎಸ್ ಕೊಟ್ವಿ ಸಿಸ್ಟರ್, ಆದ್ರೂ ಭೇದಿ ನಿಲ್ಲಲಿಲ್ಲ." ಹಳ್ಳಿ ಮನೆಗಳಿಗೆ ಹೋಗುವ ನರ್ಸ್ ಆಗಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಗೆ ಕಲಸಿದಿರಿ, ಒಂದು ಸಲ ತೋರಿಸಿ ಎಂದು ಕೇಳುತ್ತೇನೆ. ಆಗ ಗೊತ್ತಾಗುತ್ತದೆ. ಒಬ್ಬರು ಹಾಲಿನ ಬಾಟಲಿಗೆ ಅರ್ಧ ಪ್ಯಾಕೆಟ್ ಸುರಿದಿರುತ್ತಾರೆ. ಇನ್ನೊಬ್ಬರು ದಿನಕ್ಕೆ ಮೂರು ಸಲ, ಟಾನಿಕ್ ಕೊಟ್ಟ ಹಾಗೆ ಎರಡೆರಡು ಚಮಚ ಕೊಟ್ಟಿರುತ್ತಾರೆ. ಮತ್ತೊಬ್ಬರು ಮಗು ವಾಂತಿ ಮಾಡಿತು ಎಂದು ಪೂರ್ತಿ ನಿಲ್ಲಿಸಿರುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಓಆರ್‌ಎಸ್ ಎಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸ್ ಪುಡಿ. ಅದು ಭೇದಿ ನಿಲ್ಲಿಸುವ ಔಷಧಿ ಅಲ್ಲ. ಭೇದಿ ಬಹುತೇಕ ತಾನಾಗಿಯೇ ಕೆಲವು ದಿನದಲ್ಲಿ ನಿಲ್ಲುತ್ತದೆ. ಜೀವಕ್ಕೆ ಅಪಾಯ ಬರುವುದು ಮೈಯಿಂದ ನೀರು, ಉಪ್ಪು ಹೋಗುವುದರಿಂದ. ಹಾಗಾಗಿ ಮನೆಯವರ ಕೆಲಸ ಎರಡೇ. ಹೋದಷ್ಟನ್ನು ವಾಪಸ್ ತುಂಬುವುದು ಒಂದು. ಒಬ್ಬರಿಂದ ಇನ್ನೊಬ್ಬರಿಗೆ ಅಂಟದಂತೆ ನೋಡಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಮರೆತ ಮನೆಗಳಲ್ಲಿ ಮಗುವಿನ ನಂತರ ಅಜ್ಜಿ, ಅಜ್ಜಿಯ ನಂತರ ತಾಯಿ ಮಲಗಿದ್ದನ್ನು ನೋಡಿದ್ದೇನೆ.

ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಿಂದುಮುಂದು ಮಾಡಿದಾಗಲೇ ಹೆಚ್ಚಿನ ತಪ್ಪು ಆಗುವುದು.

ಮೊದಲೇ ಮನೆಯಲ್ಲಿ ಇರಬೇಕಾದ ಸಾಮಾನು

ರಾತ್ರಿ ಎರಡು ಗಂಟೆಗೆ ಭೇದಿ ಶುರುವಾದರೆ ಅಂಗಡಿ ತೆರೆದಿರುವುದಿಲ್ಲ, ಅಲ್ವಾ? ಒಂದು ಡಬ್ಬಿಯಲ್ಲಿ ಇವನ್ನು ಹಾಕಿ ಇಡಿ: 1 ಲೀಟರಿಗೆ ಕಲಸುವ ಓಆರ್‌ಎಸ್ ಪ್ಯಾಕೆಟ್ ನಾಲ್ಕು, ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಜಿಂಕ್ ಮಾತ್ರೆ ಒಂದು ಪಟ್ಟಿ, ಖಾಲಿಯಾದ 1 ಲೀಟರ್ ನೀರಿನ ಬಾಟಲಿ, ಒಂದು ಚಿಕ್ಕ ಚಮಚ, ಸೋಪು, ರಬ್ಬರ್ ಕೈಗವಸು, ಗಾಳಿಯಾಡದ ಡಬ್ಬಿಯಲ್ಲಿ ಸ್ವಲ್ಪ ಬ್ಲೀಚಿಂಗ್ ಪೌಡರ್. ಬ್ಲೀಚಿಂಗ್ ಪೌಡರ್ ಮಾತ್ರ ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಬೇರೆಯಾಗಿ ಇರಲಿ.

ಓಆರ್‌ಎಸ್, ಜಿಂಕ್ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತವೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಪ್ಯಾಕೆಟ್ ಹಿಂದೆ ಓದಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 1 ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತದೆ.

ನಾನೇ ಒಂದು ಸಲ ಮೆಡಿಕಲ್ ಸ್ಟೋರಿನಲ್ಲಿ ಓಆರ್‌ಎಸ್ ಕೇಳಿದಾಗ ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಕೈಗಿಟ್ಟರು. ಮೇಲೆ ದೊಡ್ಡದಾಗಿ ಓಆರ್‌ಎಸ್ ಎಂದೇ ಬರೆದಿತ್ತು. ಸಕ್ಕರೆ ಮಾತ್ರ ಎಷ್ಟೋ ಪಟ್ಟು ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದು ಎಂದು ಆದೇಶಿಸಿದೆ. ಆದರೂ ಓದಿಯೇ ಕೊಳ್ಳಿ. ಸಿಹಿ ಜಾಸ್ತಿಯಾದರೆ ಕರುಳು ಮೈಯ ನೀರನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಭೇದಿ ಹೆಚ್ಚುತ್ತದೆ.

ಹಂತ 1: ಕಲಸುವ ಮೊದಲು ರೋಗಿಯನ್ನು ನೋಡಿ

ಇದಕ್ಕೆ ಎರಡು ನಿಮಿಷ ಸಾಕು. ಆದರೆ ಇದನ್ನೇ ಎಲ್ಲರೂ ಬಿಡುತ್ತಾರೆ. ಮನೆಯಲ್ಲೇ ನೋಡಿಕೊಳ್ಳಬಹುದಾ, ಈಗಲೇ ಆಸ್ಪತ್ರೆಗೆ ಹೋಗಬೇಕಾ ಎಂದು ಇಲ್ಲೇ ನಿರ್ಧಾರ ಆಗಬೇಕು.

ಮುಖ ನೋಡಿ. ಕಣ್ಣು ಗುಳಿ ಬಿದ್ದಿದೆಯಾ? ಅಳುವಾಗ ಕಣ್ಣೀರು ಬರುತ್ತಿದೆಯಾ? ಬಾಯಿ, ನಾಲಿಗೆ ಒಣಗಿದೆಯಾ? ಎಳೆ ಮಗುವಾದರೆ ನೆತ್ತಿಯ ಮೆತ್ತಗಿನ ಜಾಗ ಮುಟ್ಟಿ ನೋಡಿ, ಕುಗ್ಗಿದೆಯಾ ಎಂದು. ಆಮೇಲೆ ಒಂದು ಚಮಚ ನೀರು ಕೊಡಿ. ಆಸೆಯಿಂದ, ಚಮಚವನ್ನೇ ಎಳೆದುಕೊಂಡು ಕುಡಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದು ಅರ್ಥ. ಕುಡಿಯಲು ಶಕ್ತಿಯೇ ಇಲ್ಲದಿದ್ದರೆ ಅದು ಇನ್ನೂ ದೊಡ್ಡ ಅಪಾಯ.

ಕೊನೆಗೆ ಹೊಟ್ಟೆಯ ಚರ್ಮ. ಹೊಕ್ಕುಳಿಗೂ ಪಕ್ಕೆಗೂ ನಡುವೆ, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಮಡಿಕೆಯಾಗಿ ಎತ್ತಿ ಬಿಡಿ. ಚಿವುಟಬೇಡಿ, ಸುಮ್ನೆ ಎತ್ತಿದರೆ ಸಾಕು. ತಕ್ಷಣ ಸಮನಾದರೆ ಒಳ್ಳೆಯದು. ನಿಧಾನಕ್ಕೆ ಹೋದರೆ ನೀರು ಕಡಿಮೆಯಾಗಿದೆ. 2 ಸೆಕೆಂಡಿಗಿಂತ ಜಾಸ್ತಿ ಹೊತ್ತು ಮಡಿಕೆ ಹಾಗೇ ನಿಂತರೆ ಆಸ್ಪತ್ರೆಗೆ ಹೊರಡಿ. ವಯಸ್ಸಾದವರಲ್ಲಿ ಚರ್ಮ ಮೊದಲೇ ಸಡಿಲ ಇರುವುದರಿಂದ ಈ ಪರೀಕ್ಷೆ ನಂಬಬೇಡಿ. ಅವರ ನಾಲಿಗೆ ನೋಡಿ, ಮೂತ್ರ ಯಾವಾಗ ಹೋಯಿತು ಎಂದು ಕೇಳಿ.

ಕಾಯಬಾರದ ಲಕ್ಷಣಗಳು

ಈ ಕೆಳಗಿನ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ.

- ಮಗು ಮಂಕಾಗಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಅಥವಾ ಫಿಟ್ಸ್ ಬಂದಿದೆ
- ಕುಡಿಯಲು, ಮೊಲೆಹಾಲು ಚೀಪಲು ಆಗುತ್ತಿಲ್ಲ, ಅಥವಾ ಕುಡಿದದ್ದೆಲ್ಲಾ ವಾಂತಿ
- ಮಲದಲ್ಲಿ ರಕ್ತ
- ಕಳೆದ 6 ಗಂಟೆಗಳಿಂದ ಮೂತ್ರವೇ ಇಲ್ಲ
- ಅಕ್ಕಿ ತೊಳೆದ ನೀರಿನಂಥ ಭೇದಿ ಒಂದರ ಹಿಂದೆ ಒಂದು ಸುರಿಯುತ್ತಿದೆ
- ಕೈಕಾಲು ತಣ್ಣಗಾಗಿದೆ, ಮೀನಖಂಡ ಸೆಳೆಯುತ್ತಿದೆ
- ಮಗುವಿಗೆ ಇನ್ನೂ 2 ತಿಂಗಳು ತುಂಬಿಲ್ಲ

ಅಕ್ಕಿ ತೊಳೆದ ನೀರಿನಂಥ ಭೇದಿ ಕಾಲರಾದ ಗುರುತು. ಸದೃಢವಾಗಿದ್ದ ದೊಡ್ಡವರನ್ನೂ ಕೆಲವೇ ಗಂಟೆಗಳಲ್ಲಿ ನೆಲ ಹಿಡಿಸುತ್ತದೆ. "ಬೆಳಿಗ್ಗೆ ಗದ್ದೆಗೆ ಹೋಗಿದ್ರು, ಏನೂ ಆಗಿರಲಿಲ್ಲ" ಎಂಬ ಮಾತಿನ ಮೇಲೆ ಧೈರ್ಯ ಮಾಡಬೇಡಿ.

ಆಸ್ಪತ್ರೆಗೆ ಹೊರಟಿರೆಂದು ಓಆರ್‌ಎಸ್ ಬಿಡಬಾರದು. ಎಚ್ಚರ ಇದ್ದು ನುಂಗಲು ಆಗುವಂತಿದ್ದರೆ ದಾರಿಯುದ್ದಕ್ಕೂ ಚಮಚದಲ್ಲಿ ಕೊಡುತ್ತಲೇ ಹೋಗಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಂತ 2: ಓಆರ್‌ಎಸ್ ಕಲಸುವುದು

ಮೊದಲು ಕೈ ತೊಳೆಯಿರಿ. ಬಳೆ, ಉಂಗುರ ಮೇಲೆ ಸರಿಸಿ, ಉಗುರಿನ ಸಂದಿಗೂ ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಿ.

ನೀರು ಕುದಿಸಿ ಆರಿಸಿದ್ದಾಗಿರಲಿ. ಕುದಿಸುವಷ್ಟು ಹೊತ್ತು ಇಲ್ಲವಾದರೆ ಮನೆಯಲ್ಲಿರುವ ಅತ್ಯಂತ ಶುದ್ಧ ಕುಡಿಯುವ ನೀರನ್ನೇ ಬಳಸಿ, ನಂತರದ ಬಾಟಲಿಗೆ ಕುದಿಸಿಟ್ಟುಕೊಳ್ಳಿ. ಬಿಸಿ ಬಿಸಿ ನೀರಿಗೆ ಪುಡಿ ಹಾಕಬೇಡಿ. ಕಲಸಿದ ಮೇಲೆ ಕುದಿಸಲೂ ಬೇಡಿ.

ಈಗ ಅಳತೆ. ಮುಖ್ಯವಾದ ಜಾಗ ಇದೇ. ಮನೆಯ ಚೊಂಬು, ಲೋಟ, ತಂಬಿಗೆ ಒಂದೊಂದು ಒಂದೊಂದು ಅಳತೆಯವು. ಅದಕ್ಕೇ ಆ ಖಾಲಿ 1 ಲೀಟರ್ ಬಾಟಲಿ. ತೊಳೆದ ಬಾಟಲಿಯ ತುಂಬ ನೀರು ಅಳೆದು ಅಗಲ ಪಾತ್ರೆಗೆ ಸುರಿಯಿರಿ. 1 ಲೀಟರಿನ ದೊಡ್ಡ ಪ್ಯಾಕೆಟ್ ಪೂರ್ತಿ, ಮೂಲೆಯಲ್ಲಿ ಉಳಿದದ್ದನ್ನೂ ತಟ್ಟಿ ಹಾಕಿ. ತೊಳೆದ ಚಮಚದಿಂದ ಕರಗುವವರೆಗೆ ತಿರುಗಿಸಿ, ಮುಚ್ಚಿಡಿ. ಎಷ್ಟು ಗಂಟೆಗೆ ಕಲಸಿದಿರೆಂದು ಒಂದು ಚೀಟಿಯಲ್ಲಿ ಬರೆಯಿರಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ ಹೊಸದು ಮಾಡಿ. ಫ್ರಿಜ್ಜಿನಲ್ಲಿ ಇಟ್ಟಿದ್ದರೂ ಅಷ್ಟೇ.

"ಮಗು ಚಿಕ್ಕದು, ಒಂದು ಲೀಟರ್ ಯಾಕೆ ಹಾಳು ಮಾಡಲಿ" ಎಂದು ಅರ್ಧ ಪ್ಯಾಕೆಟ್, ಅರ್ಧ ಲೀಟರ್ ಮಾಡುತ್ತಾರೆ. ಪುಡಿಯನ್ನು ಕಣ್ಣಂದಾಜಿನಲ್ಲಿ ಅರ್ಧ ಮಾಡಲು ಆಗುವುದಿಲ್ಲ. ಒಳಗೆ ಉಪ್ಪೂ ಗ್ಲೂಕೋಸೂ ಒಂದೇ ಸಮ ಬೆರೆತಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಉಳಿದರೆ ಚೆಲ್ಲಿ, ಅದರಲ್ಲಿ ತಪ್ಪಿಲ್ಲ. ಕಡಿಮೆಯೇ ಬೇಕಿದ್ದರೆ 200 ಮಿಲಿ ಲೀಟರಿಗೆ ಕಲಸುವ ಚಿಕ್ಕ ಪ್ಯಾಕೆಟ್ ಸಿಗುತ್ತದೆ, ಅದನ್ನು ತನ್ನಿ.

ಅಪಾಯದ ತಪ್ಪು ಬೇರೆ ಇದೆ. ದೊಡ್ಡ ಪ್ಯಾಕೆಟನ್ನು ಒಂದೇ ಲೋಟ ನೀರಿಗೆ ಹಾಕುವುದು. ಆಗ ಉಪ್ಪು ಐದು ಪಟ್ಟು ಆಗುತ್ತದೆ. ಮಗುವಿನ ರಕ್ತದಲ್ಲಿ ಉಪ್ಪು ಏರಿ ಫಿಟ್ಸ್ ಬರಬಹುದು. ಪ್ಯಾಕೆಟ್ ಮೇಲೆ 1 ಲೀಟರ್ ಎಂದಿದೆಯೋ, 200 ಮಿಲಿ ಲೀಟರ್ ಎಂದಿದೆಯೋ, ಕಲಸುವ ಪ್ರತಿ ಸಲ ಓದಿ. ಕನ್ನಡಕ ಬೇಕಾದ ಅಜ್ಜಿ ಕಲಸುತ್ತಿದ್ದರೆ ನೀವು ಓದಿ ಹೇಳಿ.

ರುಚಿಗೆಂದು ಸಕ್ಕರೆ, ಹಾಲು, ಜ್ಯೂಸ್ ಏನೂ ಸೇರಿಸಬೇಡಿ. ಗ್ಲೂಕೋಸ್ ಇರುವುದು ರುಚಿಗಲ್ಲ. ಅದು ಕರುಳಿನ ಗೋಡೆಯಲ್ಲಿ ಉಪ್ಪಿನ ಕೈ ಹಿಡಿದು ಒಳಗೆ ಹೋಗುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಎರಡರ ಅಳತೆ ಸರಿ ಇದ್ದರೆ ಮಾತ್ರ ಈ ದಾರಿ ಕೆಲಸ ಮಾಡುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ಮುಚ್ಚುವುದಿಲ್ಲ.

ಪ್ಯಾಕೆಟ್ ಸಿಗದೇ ಹೋದರೆ: 1 ಲೀಟರ್ ನೀರು, ಟೀ ಚಮಚದಲ್ಲಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಇರಬಾರದು, ಬೆರಳಿನಿಂದ ಸಮ ಮಾಡಿ. ಕಲಸಿ ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಪ್ಯಾಕೆಟ್ ಸಿಗುವವರೆಗೆ ಮಾತ್ರ ಇದು. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ.

ಹಂತ 3: ಕುಡಿಸುವುದು, ಲೆಕ್ಕ ಇಡುವುದು

ಪ್ರತಿ ಸಲ ನೀರು ನೀರಾಗಿ ಭೇದಿ ಆದ ಮೇಲೆ, 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ ಲೀಟರ್. 2ರಿಂದ 10 ವರ್ಷದವರಿಗೆ 100ರಿಂದ 200 ಮಿಲಿ ಲೀಟರ್. ಅದಕ್ಕಿಂತ ದೊಡ್ಡವರು ಒಂದು ದೊಡ್ಡ ಲೋಟ, ಬೇಕೆನಿಸಿದರೆ ಇನ್ನೂ ಜಾಸ್ತಿ. ನಿಮ್ಮ ಮನೆಯ ಕಾಫಿ ಲೋಟ ಎಷ್ಟು ಹಿಡಿಯುತ್ತದೆ ಎಂದು ಒಂದು ಸಲ ಅಳೆದು ಇಟ್ಟುಕೊಂಡರೆ ಆಮೇಲೆ ಲೋಟದಲ್ಲೇ ಲೆಕ್ಕ ಹಾಕಬಹುದು.

ಹಂತ 1ರಲ್ಲಿ ನೀರು ಕಡಿಮೆಯಾದ ಗುರುತು ಕಂಡಿದ್ದರೆ ಇಷ್ಟು ಸಾಲದು. ಆಗ ತೂಕದ ಮೇಲೆ ಲೆಕ್ಕ: ಕಿಲೋಗೆ 75 ಮಿಲಿ ಲೀಟರಿನಂತೆ 4 ಗಂಟೆಯಲ್ಲಿ. 10 ಕಿಲೋ ಮಗುವಿಗೆ 750 ಮಿಲಿ ಲೀಟರ್. ಇದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತು ಕುಡಿಸುವುದೇ ಸರಿ. ನಡುನಡುವೆ ನರ್ಸ್ ನೋಡುತ್ತಿರುತ್ತಾರೆ.

ಮಗುವಿಗೆ ಚಮಚ ಅಥವಾ ಲೋಟದಲ್ಲೇ ಕೊಡಿ. ನಿಪ್ಪಲ್ ಇರುವ ಬಾಟಲಿ ಬೇಡ. ಅದರ ಸಂದಿ ತೊಳೆಯಲು ಆಗುವುದಿಲ್ಲ. ಎಷ್ಟೋ ಮಕ್ಕಳಿಗೆ ಭೇದಿ ಬಂದಿದ್ದೇ ಆ ಬಾಟಲಿಯಿಂದ.

ಗೋಡೆಗೆ ಒಂದು ಹಾಳೆ ಅಂಟಿಸಿ ನಾಲ್ಕು ಸಾಲು ಬರೆಯಿರಿ: ಸಮಯ, ಭೇದಿ, ವಾಂತಿ, ಮೂತ್ರ. ಆದಾಗೆಲ್ಲಾ ಒಂದು ಗೀಟು ಎಳೆಯಿರಿ. ರಾತ್ರಿ ಒಬ್ಬರು, ಬೆಳಿಗ್ಗೆ ಒಬ್ಬರು ನೋಡಿಕೊಳ್ಳುವ ಮನೆಯಲ್ಲಿ "ಮೂತ್ರ ಹೋಯ್ತಾ?" ಎಂದರೆ ಯಾರಿಗೂ ನೆನಪಿರುವುದಿಲ್ಲ. ಈ ಹಾಳೆ ತಂದರೆ ಡಾಕ್ಟರಿಗೂ ತುಂಬಾ ಸಹಾಯ. ಮೂತ್ರ ಮತ್ತೆ ಬರಲು ಶುರುವಾಯಿತು, ಬಣ್ಣ ತಿಳಿಯಾಯಿತು ಎಂದರೆ ಸರಿಯಾಗಿ ಕುಡಿಸುತ್ತಿದ್ದೀರಿ. ಭೇದಿ ಇನ್ನೂ ಆಗುತ್ತಿದ್ದರೂ ಗಾಬರಿ ಬೇಡ.

ಅಜ್ಜ ಅಜ್ಜಿಯರಿಗೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಕೇಳಲಿ ಎಂದು ಕಾಯದೆ ನೀವೇ ಲೋಟ ಹಿಡಿದು ಕೂರಬೇಕು. "ನಂಗೆ ಶುಗರ್ ಇದೆ, ಓಆರ್‌ಎಸ್ ಬೇಡ" ಎನ್ನುವವರೂ ಇದ್ದಾರೆ. ಭೇದಿ ಇರುವಾಗ ಅವರೂ ಕುಡಿಯಲೇಬೇಕು, ಜೊತೆಗೆ ಸಕ್ಕರೆ ಪರೀಕ್ಷೆ ಮಾಡಿಸುತ್ತಿರಬೇಕು. ಬಿಪಿಗೆ, ಹೃದಯಕ್ಕೆ, ಕಿಡ್ನಿಗೆ ಮಾತ್ರೆ ನುಂಗುವವರು ಮಾತ್ರ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರಂತೂ ತಡ ಮಾಡಬಾರದು.

ಹಂತ 4: ವಾಂತಿ ಆದರೆ

ನಿಲ್ಲಿಸಬೇಡಿ. 10 ನಿಮಿಷ ಬಿಡಿ, ಮತ್ತೆ ಶುರು ಮಾಡಿ. ಈ ಸಲ ಇನ್ನೂ ನಿಧಾನ, 2-3 ನಿಮಿಷಕ್ಕೆ ಒಂದೇ ಚಮಚ. ಬಾಯಾರಿದ ಮಗು ಗಟಗಟ ಕುಡಿಯುತ್ತದೆ, ಹೊಟ್ಟೆ ಉಬ್ಬಿ ಎಲ್ಲಾ ಹೊರಗೆ ಹಾಕುತ್ತದೆ. ಅದಕ್ಕೆ ತಾಯಿ "ಓಆರ್‌ಎಸ್ ಒಗ್ಗಲಿಲ್ಲ" ಎನ್ನುತ್ತಾರೆ. ಒಗ್ಗದಿರುವುದು ವೇಗ.

ಒಂದು ಗಂಟೆ ಹೀಗೆ ಚಮಚ ಹಿಡಿದು ಕೂರುವುದು ಸುಲಭವಲ್ಲ, ನನಗೆ ಗೊತ್ತು. ಕೈ ನೋಯುತ್ತದೆ, ನಿದ್ದೆ ಬರುತ್ತದೆ. ಮನೆಯ ಗಂಡಸರೂ ಸರದಿ ಹಿಡಿಯಲಿ.

ಹಂತ 5: ಊಟ, ಜಿಂಕ್, ಮತ್ತು ಕೊಡಬಾರದ ಮಾತ್ರೆ

ಹೊಟ್ಟೆಗೆ ಏನೂ ಹಾಕದೆ ಇದ್ದರೆ ಭೇದಿ ನಿಲ್ಲುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಉಪವಾಸದಿಂದ ಮಗು ಇನ್ನಷ್ಟು ಸೊರಗುತ್ತದೆ. ಮೊಲೆಹಾಲು ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಮೊದಲಿಗಿಂತ ಜಾಸ್ತಿ ಸಲ ಕೊಡಿ. ದೊಡ್ಡ ಮಕ್ಕಳಿಗೆ ಮೆತ್ತಗಿನ ಅನ್ನ, ಹೆಸರುಬೇಳೆ ಪೊಂಗಲ್, ರಾಗಿ ಗಂಜಿ, ಮೊಸರನ್ನ, ಬಾಳೆಹಣ್ಣು. ಸ್ವಲ್ಪ ಸ್ವಲ್ಪವಾಗಿ, ಆಗಾಗ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಎಳನೀರು ಕೊಡಬಹುದು. ಆದರೆ ಅವು ಓಆರ್‌ಎಸ್ ಜೊತೆಗೆ ಇರಲಿ, ಅದರ ಬದಲಿಗೆ ಬೇಡ. ಎಳನೀರಿನಲ್ಲಿ ಸೋಡಿಯಂ ಕಡಿಮೆ. ಕೋಲಾ, ಪ್ಯಾಕೆಟ್ ಜ್ಯೂಸ್, ಖಡಕ್ ಕಾಫಿ ಬೇಡವೇ ಬೇಡ.

ಜಿಂಕ್ ಮಾತ್ರೆ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಸಲ 20 ಮಿಲಿಗ್ರಾಂ, 2ರಿಂದ 6 ತಿಂಗಳ ಕೂಸಿಗೆ 10 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ. ಚಮಚದಲ್ಲಿ ಮೊಲೆಹಾಲು ಅಥವಾ ನೀರು ಹಾಕಿ ಮಾತ್ರೆ ಬಿಟ್ಟರೆ ತಾನೇ ಕರಗುತ್ತದೆ. 14 ದಿನ ಪೂರ್ತಿ ಕೊಡಬೇಕು. ಭೇದಿ ಮೂರನೇ ದಿನಕ್ಕೆ ನಿಂತಿತೆಂದು ಜಿಂಕ್ ನಿಲ್ಲಿಸುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಮುಂದಿನ 2-3 ತಿಂಗಳು ಮತ್ತೆ ಭೇದಿ ಬರುವುದು ಕಡಿಮೆಯಾಗಲಿ ಎಂದೇ ಆ 14 ದಿನ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿ.

ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಕೊಡಬಾರದು. ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬರಿಸುತ್ತದೆ, ರೋಗ ಒಳಗೇ ಉಳಿಯುತ್ತದೆ. ಹೋದ ಸಲ ಉಳಿದ ಆ್ಯಂಟಿಬಯೋಟಿಕ್ ಕೂಡ ಬೇಡ. ಮಕ್ಕಳ ಭೇದಿಗೆ ಬಹುಪಾಲು ವೈರಸ್ ಕಾರಣ, ಅದರ ಮೇಲೆ ಆ ಮಾತ್ರೆ ನಡೆಯುವುದಿಲ್ಲ. ರಕ್ತಭೇದಿ, ಕಾಲರಾಗೆ ಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು. ಭೇದಿ 14 ದಿನ ದಾಟಿದರೆ ಅದು ಬೇರೆ ತೊಂದರೆ, ತೋರಿಸಲೇಬೇಕು.

ಹಂತ 6: ಮನೆಯಲ್ಲಿ ಉಳಿದವರಿಗೆ ಅಂಟದಂತೆ

ರೋಗಿಗೆ ಮೊದಲ ಲೋಟ ಕುಡಿಸಿದ ಕೂಡಲೇ ಇದನ್ನು ಶುರು ಮಾಡಿ. ವಾಸಿಯಾದ ಮೇಲೆ ಮಾಡಿದರೆ ಉಪಯೋಗವಿಲ್ಲ. ರೋಗಾಣು ಇರುವುದು ಮಲದಲ್ಲಿ, ವಾಂತಿಯಲ್ಲಿ. ಅಲ್ಲಿಂದ ಕೈಗೆ, ಕೈಯಿಂದ ತಟ್ಟೆಗೆ, ಕೊಡಕ್ಕೆ.

ಕೆಲಸ ಹಂಚಿಕೊಳ್ಳಿ. ರೋಗಿಯನ್ನು ನೋಡಿಕೊಳ್ಳುವವರು ಒಬ್ಬರು, ಅಡುಗೆ ಮಾಡುವವರು ಇನ್ನೊಬ್ಬರು. ಇಬ್ಬರೇ ಇರುವ ಮನೆಯಲ್ಲಿ ಇದು ಕಷ್ಟ. ಆಗ ಪ್ರತಿ ಸಲ ಸೋಪಿನಿಂದ ಕೈ ತೊಳೆದೇ ಒಲೆಯ ಹತ್ತಿರ ಹೋಗಬೇಕು. ಸ್ಯಾನಿಟೈಸರ್ ನಂಬಬೇಡಿ. ವಾಂತಿ ಭೇದಿ ತರುವ ಕೆಲವು ವೈರಸ್‌ಗಳು, ಮುಖ್ಯವಾಗಿ ನೋರೋವೈರಸ್, ಅದಕ್ಕೆ ಸರಿಯಾಗಿ ಸಾಯುವುದಿಲ್ಲ. ಸೋಪು, ಹರಿಯುವ ನೀರೇ ಬೇಕು. ಕೈ ಒರೆಸಲು ಎಲ್ಲರಿಗೂ ಒಂದೇ ಟವೆಲ್ ಇದ್ದರೆ ತೊಳೆದದ್ದು ವ್ಯರ್ಥ. ಸೆರಗಿಗೆ ಒರೆಸುವುದೂ ಹಾಗೇ.

"ಕೂಸಿನ ಕಕ್ಕ ಅಲ್ವಾ, ಅದರಲ್ಲೇನಿದೆ" ಎಂದು ಚರಂಡಿಗೆ, ತಿಪ್ಪೆಗೆ ಹಾಕುವುದನ್ನು ದಯವಿಟ್ಟು ಬಿಡಿ. ಕೂಸಿನ ಮಲದಲ್ಲೂ ಅಷ್ಟೇ ರೋಗಾಣು ಇರುತ್ತದೆ. ಶೌಚಾಲಯಕ್ಕೇ ಹಾಕಿ ನೀರು ಸುರಿಯಿರಿ. ಡೈಪರ್ ಆದರೆ ಕಾಗದದಲ್ಲಿ ಸುತ್ತಿ, ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ.

ನೆಲದ ಮೇಲೆ ವಾಂತಿ, ಭೇದಿ ಬಿದ್ದರೆ ನೇರವಾಗಿ ಗುಡಿಸಬೇಡಿ, ನೀರು ರಭಸವಾಗಿ ಸುರಿಯಬೇಡಿ. ಸಿಡಿದು ಹರಡುತ್ತದೆ. ಕ್ರಮ ಹೀಗಿರಲಿ:

1. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆಯಿರಿ, ಮಕ್ಕಳನ್ನು ಆಚೆ ಕಳಿಸಿ.
2. ಹಳೇ ಬಟ್ಟೆ ಅಥವಾ ಪೇಪರ್ ಮುಚ್ಚಿ ಹೀರಿಸಿ, ಎತ್ತಿ ಕವರಿಗೆ ಹಾಕಿ.
3. 1 ಲೀಟರ್ ನೀರಿಗೆ 16 ಗ್ರಾಂ ಬ್ಲೀಚಿಂಗ್ ಪೌಡರ್, ಸುಮಾರು ಒಂದು ದೊಡ್ಡ ಚಮಚ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ. ತಿಳಿ ನೀರನ್ನು ಆ ಜಾಗಕ್ಕೆ ನಿಧಾನಕ್ಕೆ ಸುರಿಯಿರಿ.
4. 10 ನಿಮಿಷ ಹಾಗೇ ಬಿಡಿ. ಆಮೇಲೆ ಒರೆಸಿ, ನೀರಿನಿಂದ ತೊಳೆಯಿರಿ.
5. ಕೈಗವಸು ತೆಗೆದು ಕೈ ತೊಳೆಯಿರಿ.

ಎಲ್ಲರೂ ಎಡವುವುದು ನಾಲ್ಕನೆಯದರಲ್ಲಿ. ಸುರಿದ ಕೂಡಲೇ ಒರೆಸಿಬಿಡುತ್ತಾರೆ. ಬ್ಲೀಚಿಂಗ್ ಪೌಡರ್ ಕೆಲಸ ಮಾಡಲು ಹೊತ್ತು ಬೇಕು. ಇನ್ನೊಂದು, ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗಾಳಿ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಉಸಿರೇ ಕಟ್ಟಬಹುದು. ಡಬ್ಬಿ ತೆರೆದಾಗ ಘಾಟು ಬರದಿದ್ದರೆ ಪೌಡರಿನ ಶಕ್ತಿ ಹೋಗಿದೆ, ಹೊಸದು ತನ್ನಿ.

ಬಟ್ಟೆಯನ್ನು ಕೊಡವಬೇಡಿ. ಮಲವನ್ನು ಮೊದಲು ಶೌಚಾಲಯದಲ್ಲೇ ತೊಳೆದು, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸೋಪು ಹಾಕಿ ಒಗೆದು, ಬಿಸಿಲಿಗೆ ಹಾಕಿ. ಬೋರ್‌ವೆಲ್ ಕಟ್ಟೆ, ಬಾವಿ ಕಟ್ಟೆ, ಹೊಳೆ, ಕೆರೆ ಹತ್ತಿರ ಒಗೆಯಲೇಬೇಡಿ. ಒಂದು ಮನೆಯ ರೋಗ ಇಡೀ ಊರಿಗೆ ಹೋಗುವುದು ಇಲ್ಲಿಂದಲೇ.

ಹಂತ 7: ಕುಡಿಯುವ ನೀರು

ಭೇದಿ ಶುರುವಾದ ದಿನದಿಂದ ಇಡೀ ಮನೆಗೆ ಕುದಿಸಿದ ನೀರೇ ಇರಲಿ. ಬಿಸಿಯಾದರೆ ಸಾಲದು, ದೊಡ್ಡ ಗುಳ್ಳೆ ಎದ್ದು ಕೊತಕೊತ ಕುದಿ ಬಂದ ಮೇಲೆ ಒಂದೆರಡು ನಿಮಿಷ ಕುದಿಯಬೇಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಿಸಿ. ತೊಳೆಯದ ಕೊಡಕ್ಕೆ ಸುರಿದರೆ ಮತ್ತೆ ಕೆಡುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಸ ಹೋಗುತ್ತದೆ, ರೋಗಾಣು ಹೋಗುವುದಿಲ್ಲ.

ಗ್ಯಾಸ್ ಉಳಿಸಬೇಕಾದವರು ಆಶಾ ಕೊಡುವ ಕ್ಲೋರಿನ್ ಮಾತ್ರೆ ಬಳಸಬಹುದು. ಎಷ್ಟು ಲೀಟರಿಗೆ ಒಂದು ಎಂದು ಪಟ್ಟಿ ಮೇಲೆ ಬರೆದಿರುತ್ತದೆ, ಅದೇ ಅಳತೆ. ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ ರಾಡಿಗೇ ಖರ್ಚಾಗುತ್ತದೆ, ಮೊದಲು ತಿಳಿ ಮಾಡಿಕೊಳ್ಳಿ.

ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುತ್ತೇವೆ ಎನ್ನುವವರಿಗೆ ನಾನು ಕೇಳುವುದು ಒಂದೇ: ಕ್ಯಾನಿನ ಒಳಗೆ ಕೊನೆಯ ಸಲ ಉಜ್ಜಿದ್ದು ಯಾವಾಗ? ಒಳಗೆ ಕೈ ಹಾಕಿ ನೋಡಿ, ಲೋಳೆ ಲೋಳೆ ಇದ್ದರೆ ಘಟಕದ ನೀರು ಎಷ್ಟು ಶುದ್ಧವಿದ್ದರೂ ಫಲವಿಲ್ಲ. ಕೊಡಕ್ಕೆ ಲೋಟ ಮುಳುಗಿಸಿ ತೆಗೆಯುವಾಗ ಬೆರಳೂ ಮುಳುಗುತ್ತದೆ. ಉದ್ದ ಹಿಡಿಯ ಸೌಟು ಇಡಿ, ಇಲ್ಲವೇ ನಲ್ಲಿ ಇರುವ ಪಾತ್ರೆ ಕೊಳ್ಳಿ.

ಟೈಫಾಯ್ಡ್, ಕಾಮಾಲೆಯ ಕೆಲವು ಬಗೆ ಕೂಡ ಇದೇ ನೀರಿನ ದಾರಿಯಲ್ಲಿ ಬರುತ್ತವೆ.

ಹಂತ 8: ಅದೇ ದಿನ ಊರಿಗೆ ತಿಳಿಸುವುದು

ಪಕ್ಕದ ಮನೆಯಲ್ಲೂ ಭೇದಿ ಇದೆಯಾ ಎಂದು ವಿಚಾರಿಸಿ. ಇದ್ದರೆ ಅದು ನಿಮ್ಮ ಮನೆಯ ಅಡುಗೆಯ ತಪ್ಪಲ್ಲ. ಒಂದೇ ಬೀದಿಯಲ್ಲಿ ಎರಡು ಮೂರು ಮನೆ ಎಂದಾದರೆ ಮೊದಲು ಅನುಮಾನ ಪಡಬೇಕಾದ್ದು ನೀರಿನ ಪೈಪನ್ನೇ. ನಾಚಿಕೆಯಿಂದ ಮುಚ್ಚಿಡುತ್ತಾರೆ ಜನ, "ನಮ್ಮ ಮನೆ ಹೆಸರು ಬರೋದು ಬೇಡ" ಎಂದು. ಆ ಒಂದು ದಿನದ ತಡದಲ್ಲಿ ಇನ್ನೊಂದು ಬೀದಿ ಮಲಗುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ತೀರಿಕೊಂಡರು. ಆ ಸುದ್ದಿ ಬಂದಾಗಿನಿಂದ ನಾನು ಎರಡನೇ ಮನೆಯ ಹೆಸರು ಕೇಳಿದರೆ ಸಂಜೆವರೆಗೆ ಕಾಯುವುದಿಲ್ಲ.

ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಅಥವಾ 104 ಸಹಾಯವಾಣಿಗೆ ಹೇಳಿ. ಎಷ್ಟು ಜನ, ಯಾವ ಬೀದಿ, ಯಾವತ್ತಿನಿಂದ, ಕುಡಿಯುವ ನೀರು ಎಲ್ಲಿಯದು, ಎಲ್ಲರೂ ಸೇರಿ ಊಟ ಮಾಡಿದ ಮದುವೆ, ಜಾತ್ರೆ ಇತ್ತಾ? ಇಷ್ಟು ಹೇಳಿದರೆ ಅವರ ಕೆಲಸ ಅರ್ಧ ಆದಂತೆ. ಕಾಲರಾ ಸೋಂಕು ತಗುಲಿದ ಕೆಲವು ಗಂಟೆಯಿಂದ 5 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹಿಂದಿನ 5 ದಿನ ಎಲ್ಲಿ ಏನು ಕುಡಿದಿರಿ ಎಂದು ನೆನಪಿಸಿಕೊಳ್ಳಿ.

ಜೊತೆಗೆ ಪಂಚಾಯಿತಿಗೆ, ನೀರುಗಂಟಿಗೆ ತಿಳಿಸಿ. ಚರಂಡಿಯೊಳಗೆ ಹಾದುಹೋಗುವ ಪೈಪ್ ಎಲ್ಲಾದರೂ ಸೋರುತ್ತಿದೆಯಾ, ವಾಲ್ವ್ ಗುಂಡಿಯಲ್ಲಿ ಕೊಳಚೆ ನಿಂತಿದೆಯಾ ಎಂದು ಅವರ ಜೊತೆ ಹೋಗಿ ನೋಡಿ. ನೀರು ಬಿಟ್ಟಾಗ ಸೋರುವ ತೂತು, ನೀರು ನಿಲ್ಲಿಸಿದಾಗ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಲ್ಲಿಯಲ್ಲಿ ಮೊದಲು ಬರುವ ನೀರು ವಾಸನೆ ಬಂದರೆ ಇದೇ ಕಾರಣ ಇರಬಹುದು.

ಟ್ಯಾಂಕಿಗೆ ಕ್ಲೋರಿನ್ ಹಾಕಿದ್ದೇವೆ ಎಂದರೆ ಕೊನೆಯ ಮನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಲು ಕೇಳಿ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಸಿಬ್ಬಂದಿಯ ಹತ್ತಿರ ಕ್ಲೋರೋಸ್ಕೋಪ್ ಎಂಬ ಪರೀಕ್ಷೆಯ ಕಿಟ್ ಇರುತ್ತದೆ. ದ್ರಾವಣದ ಹನಿ ಹಾಕಿದಾಗ ನೀರು ಹಳದಿಯಾದರೆ ಕ್ಲೋರಿನ್ ಇದೆ, ಬಣ್ಣವೇ ಬರದಿದ್ದರೆ ಇಲ್ಲ. ಇನ್ನೊಂದು ಚಿಕ್ಕ ಬಾಟಲಿ ಪರೀಕ್ಷೆ ಇದೆ, ಎಚ್2ಎಸ್ ಬಾಟಲಿ ಎನ್ನುತ್ತಾರೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಆ ನೀರಿಗೆ ಮಲ ಸೇರಿದೆ ಎಂಬ ಅನುಮಾನ ಬಲವಾಗುತ್ತದೆ. ಕಪ್ಪಾದರೆ ಆ ನಲ್ಲಿ ಬಂದ್ ಮಾಡಿಸಿ ಟ್ಯಾಂಕರ್ ನೀರು ಕೇಳಿ. ಅದನ್ನೂ ಕುದಿಸಿಯೇ ಕುಡಿಯಿರಿ.

ಹಂತ 9: ವಾಸಿಯಾದ ಮೇಲೆ

ಕೊನೆಯ ಭೇದಿ, ವಾಂತಿ ಆಗಿ 48 ಗಂಟೆ ಕಳೆಯುವವರೆಗೆ ಮಗುವನ್ನು ಅಂಗನವಾಡಿಗೆ, ಶಾಲೆಗೆ ಕಳಿಸಬೇಡಿ. ದೊಡ್ಡವರಾದರೆ ಅಷ್ಟು ಹೊತ್ತು ಅಡುಗೆ ಮಾಡುವುದು, ಬಡಿಸುವುದು ಬೇಡ. ಬಿಸಿಯೂಟ, ಹೋಟೆಲ್, ಮದುವೆ ಅಡುಗೆ ಕೆಲಸದವರು ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಎರಡು ದಿನದ ಕೂಲಿ ಹೋಗುತ್ತದೆ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ಕೆಲಸ ಕೊಡುವವರು ಆ ದಿನಗಳ ಕೂಲಿ ಹಿಡಿಯಬಾರದು.

ಭೇದಿಯಲ್ಲಿ ಮಗುವಿನ ತೂಕ ಇಳಿದಿರುತ್ತದೆ. ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ, ಅಂಗನವಾಡಿಯಲ್ಲಿ ತೂಕ ಹಾಕಿಸಿ. ತಾಯಿ ಕಾರ್ಡ್ ತೆರೆದು, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ಲಸಿಕೆ ಬಿದ್ದಿದೆಯಾ ನೋಡಿ. 6, 10, 14 ವಾರಕ್ಕೆ ಬಾಯಿಗೆ ಹಾಕುವ ಲಸಿಕೆ ಅದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಪ್ಪಿದ್ದರೆ ಈಗ ಹಾಕಬಹುದಾ ಎಂದು ನರ್ಸನ್ನು ಕೇಳಿ. ಆಮೇಲೆ ಡಬ್ಬಿ ತೆರೆದು, ಖರ್ಚಾದಷ್ಟು ಓಆರ್‌ಎಸ್ ಪ್ಯಾಕೆಟ್ ತಂದಿಡಿ. ಉಳಿದವುಗಳ ಮೇಲಿನ ಅವಧಿಯ ದಿನಾಂಕ ಮುಗಿದಿದೆಯಾ ಎಂದೂ ಆಗಲೇ ನೋಡಿಬಿಡಿ.